ಕಂಟ್ರೋಲರ್ 830 ಅಂತಿದೆ, ಕೈ ಮೀಟರ್ 880 ದಾಟ್ತಿದೆ, ಯಾವುದನ್ನ ನಂಬೋದು? (ಕೆ ಟೈಪ್ ಥರ್ಮೋಕಪಲ್, ಅಂದ್ರೆ ಎರಡು ಬೇರೆ ಲೋಹದ ವೈರ್ ಸೇರಿಸಿ ಮಾಡೋ ಬಿಸಿ ಅಳೆಯೋ ಸೆನ್ಸರ್)

ಪೀಣ್ಯ_ಪಿನ್:

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಶಾಪ್, ಗೈಡ್ ಪಿನ್ನು ಬುಶ್ಶು ಮಾಡ್ತೀವಿ. ಮೊದ್ಲು ಹೀಟ್ ಟ್ರೀಟ್‌ಮೆಂಟ್ ಹೊರಗಡೆ ಕೊಡ್ತಿದ್ವಿ, ಈಗ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಮಫಲ್ ಫರ್ನೇಸ್ ತಗೊಂಡು ನಾವೇ ಮಾಡ್ಕೋತಿದೀವಿ. ಮೆಟೀರಿಯಲ್ ಇಎನ್ 31 (ಬೇರಿಂಗ್ ಸ್ಟೀಲು). 830 ಡಿಗ್ರಿಗೆ ಸೆಟ್ ಮಾಡಿ ಸೋಕ್ ಕೊಟ್ಟು (ಅದೇ ಬಿಸೀಲಿ ಸ್ವಲ್ಪ ಹೊತ್ತು ಬಿಟ್ಟು) ಆಯಿಲ್‌ಗೆ ಹಾಕ್ತೀವಿ, ಆಮೇಲೆ ಬಿರುಸು ಕಮ್ಮಿ ಆಗ್ಲಿ ಅಂತ 180ರಲ್ಲಿ ಟೆಂಪರಿಂಗ್. 60ರ ಮೇಲೆ ಬರಬೇಕಾದ ಎಚ್‌ಆರ್‌ಸಿ (ಗಟ್ಟಿತನದ ಅಳತೆ) 57-58ಕ್ಕೆ ನಿಂತುಬಿಡ್ತಿದೆ, ಕೆಲವು ಪಿನ್ನಲ್ಲಿ ಕೂದಲೆಳೆ ಕ್ರ್ಯಾಕ್ ಬೇರೆ. ಹೀಟ್ ಸಾಲ್ತಿಲ್ವೇನೋ ಅಂತ 845ಕ್ಕೆ ಏರಿಸಿದ್ರೆ ಇನ್ನೂ ಕೆಟ್ಟದಾಯ್ತು, ಅದೇ ಅರ್ಥ ಆಗ್ತಿಲ್ಲ.

ಸರಿ ಅಂತ ಎಸ್‌ಪಿ ರೋಡಲ್ಲಿ ಒಂದು ಕೆ ಟೈಪ್ ಕೈ ಮೀಟರ್ ತಂದು ಅದರ ಜೊತೆ ಬಂದ ತೆಳು ವೈರನ್ನ ಬಾಗಿಲ ಸಂದಿಯಿಂದ ಒಳಗೆ ಬಿಟ್ಟು ನೋಡ್ದೆ. ಕಂಟ್ರೋಲರ್ 830, ಮೀಟರ್ 880 ಚಿಲ್ಲರೆ. ತಮಾಷೆ ಏನಂದ್ರೆ ಬೆಳಿಗ್ಗೆ ಫರ್ನೇಸ್ ತಣ್ಣಗಿದ್ದಾಗ ಎರಡೂ ಕರೆಕ್ಟಾಗಿ 28 ತೋರಿಸುತ್ತೆ, ಒಂದು ಡಿಗ್ರಿನೂ ವ್ಯತ್ಯಾಸ ಇಲ್ಲ. ಬಿಸಿ ಆಗ್ತಾ ಆಗ್ತಾ ಅಂತರ ಜಾಸ್ತಿ ಆಗುತ್ತೆ, ಮಧ್ಯಾಹ್ನದ ಮೇಲಂತೂ ಕೇಳಲೇಬೇಡಿ.

ಇನ್ನೊಂದ್ ವಿಷ್ಯ, ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ. ಕಂಟ್ರೋಲರ್ ಪ್ಯಾನೆಲ್ ಮೊದ್ಲು ಫರ್ನೇಸ್ ಮೈಮೇಲೇ ಇತ್ತು, ಬಿಸಿಗೆ ಹಾಳಾಗುತ್ತೆ ಅಂತ ಗೋಡೆಗೆ ಶಿಫ್ಟ್ ಮಾಡಿಸಿದ್ವಿ. ಎಲೆಕ್ಟ್ರಿಷಿಯನ್ನು ಹೊಸ ಥರ್ಮೋಕಪಲ್ ಕೇಬಲ್ಲೇ ಎಳೆದಿದಾನೆ, ಮಾಮೂಲಿ ತಾಮ್ರದ ವೈರ್ ಅಲ್ಲ. ಮೊದ್ಲು ಆನ್ ಮಾಡಿದಾಗ ಬಿಸಿ ಏರಿದಂಗೆ ರೀಡಿಂಗ್ ಇಳೀತಿತ್ತು, ಕಂಟ್ರೋಲರ್ ಹತ್ರ ಎರಡು ವೈರ್ ಅದಲು ಬದಲು ಮಾಡ್ದ, ಸರಿಹೋಯ್ತು. ಈಗ ಕಂಟ್ರೋಲರೇ ಬದಲಾಯಿಸಬೇಕಾ ಥರ್ಮೋಕಪಲ್ಲಾ?

ರಿಂಚು_ಮುಂಚು:

ಕಂಟ್ರೋಲರ್ ಮೆನುನಲ್ಲಿ ಇನ್‌ಪುಟ್ ಟೈಪ್ ನೋಡಿ ಗುರು, ಜೆ (ಬೇರೆ ಲೋಹದ ಇನ್ನೊಂದು ಥರ್ಮೋಕಪಲ್ ಟೈಪ್) ಅಂತ ಸೆಟ್ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಮಾಲಲ್ಲಿ ಇದು ಕಾಮನ್ನು.

ಪೀಣ್ಯ_ಪಿನ್:

ನೋಡ್ದೆ ಬ್ರೋ, ಕೆ ನೇ ಇದೆ.

ಮಿಲಿವೋಲ್ಟ್_ಮಾಮ:

ಜೆ ಆಗಿದ್ರೆ 50 ಡಿಗ್ರಿಗೆಲ್ಲ ನಿಲ್ತಿರಲಿಲ್ಲ. ಈ ರೇಂಜಲ್ಲಿ ಹೆಚ್ಚುಕಮ್ಮಿ 200 ಡಿಗ್ರಿ ಕಮ್ಮಿ ತೋರಿಸಿ ನಿಮ್ ಫರ್ನೇಸ್ ಇಷ್ಟೊತ್ತಿಗೆ ಬೆಳ್ಳಗೆ ಹೊಳೀತಿತ್ತು.

ಪೀಣ್ಯದೋರೆ, ನೀವು ಕೊನೇಲಿ ಸಂಬಂಧ ಇದೆಯೋ ಇಲ್ವೋ ಅಂತ ಹಾಕಿದ್ದೀರಲ್ಲ, ಕಾಯಿಲೆ ಅಲ್ಲೇ ಇದೆ. ನಿಮ್ ಎಲೆಕ್ಟ್ರಿಷಿಯನ್ ಮೊದ್ಲು ಮಾಡಿದ ಉಲ್ಟಾ ಕನೆಕ್ಷನ್ನು ಫರ್ನೇಸ್ ಹೆಡ್ಡಲ್ಲಿ (ಥರ್ಮೋಕಪಲ್ಲಿನ ಹೊರತುದೀಲಿ ಕೇಬಲ್ ಸೇರೋ ಜಾಗ), ಅವನು ಬದಲಾಯಿಸಿದ್ದು ಕಂಟ್ರೋಲರ್ ತುದೀಲಿ. ಅಂದ್ರೆ ಈಗ ಕೇಬಲ್ಲು ಎರಡೂ ಕಡೆ ಉಲ್ಟಾ ಇದೆ. ಎರಡೂ ಕಡೆ ಉಲ್ಟಾ ಆದ್ರೆ ಸರಿಹೋಯ್ತಲ್ವಾ ಅನ್ಸುತ್ತೆ, ಮಾಮೂಲಿ ವೈರಾಗಿದ್ರೆ ಹೌದು. ಥರ್ಮೋಕಪಲ್ ಕೇಬಲ್‌ಗೆ ಹಂಗಲ್ಲ.

ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ತುದೀಲಿ ವೆಲ್ಡ್ ಮಾಡಿರೋ ಗುಂಡು ಇದ್ಯಲ್ಲ, ವೋಲ್ಟೇಜ್ ಅಲ್ಲಿ ಹುಟ್ಟುತ್ತೆ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಡಿಪ್ಲೊಮಾದಲ್ಲೂ ಹಂಗೇ ಹೇಳಿಕೊಡ್ತಾರೆ. ಗುಂಡು ಬರೀ ಎರಡು ವೈರನ್ನ ಸೇರಿಸುತ್ತೆ ಅಷ್ಟೆ. ವೋಲ್ಟೇಜ್ ಹುಟ್ಟೋದು ವೈರಿನ ಉದ್ದಕ್ಕೂ, ಎಲ್ಲೆಲ್ಲಿ ಒಂದು ಕಡೆ ಬಿಸಿ ಪಕ್ಕದಲ್ಲಿ ತಂಪು ಇದೆಯೋ ಅಲ್ಲೆಲ್ಲ. ಕೆ ಟೈಪಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 41 ಮೈಕ್ರೋವೋಲ್ಟ್. ನಿಮ್ಮಲ್ಲಿ ಫರ್ನೇಸ್ ಒಳಗಿನ 800 ಚಿಲ್ಲರೆಯಿಂದ ಹೆಡ್ ತನಕ ಬಹುಪಾಲು ವೋಲ್ಟೇಜ್ ಬಂದುಬಿಡುತ್ತೆ, ಹೆಡ್‌ನಿಂದ ಕಂಟ್ರೋಲರ್ ತನಕ ಉಳಿದ ಚೂರು ಕೇಬಲ್ಲಲ್ಲಿ ಬರುತ್ತೆ, ಹಿಂಗಾಗಿ ಕೇಬಲ್ಲೂ ಥರ್ಮೋಕಪಲ್ಲಿನ ಒಂದು ಭಾಗನೇ. ಕಂಟ್ರೋಲರ್ ಒಳಗೆ ಅದರ ಟರ್ಮಿನಲ್ ಎಷ್ಟು ಬಿಸಿ ಇದೆ ಅಂತ ಅಳೆಯೋ ಚಿಕ್ಕ ಸೆನ್ಸರ್ ಇರುತ್ತೆ, ಅದನ್ನ ಕೂಡಿಸಿ ಡಿಸ್‌ಪ್ಲೇಗೆ ಹಾಕುತ್ತೆ. ಕೋಲ್ಡ್ ಜಂಕ್ಷನ್ ಕಾಂಪನ್ಸೇಷನ್ ಅಂತಾರಲ್ಲ ಅದು ಇಷ್ಟೇ.

ಈಗ ಲೆಕ್ಕ. ಉದಾಹರಣೆಗೆ ಹೆಡ್ 62 ಡಿಗ್ರಿ ಇದೆ, ಗೋಡೆ ಮೇಲಿನ ಪ್ಯಾನೆಲ್ 34 ಇದೆ ಅಂದ್ಕೊಳ್ಳಿ. ನಡುವೆ 28 ಡಿಗ್ರಿ. ಕೇಬಲ್ ಸರಿಯಾಗಿದ್ರೆ ಈ 28 ಕೂಡಬೇಕು. ತಾಮ್ರದ ವೈರ್ ಹಾಕಿದ್ರೆ ಕೂಡಲ್ಲ, 28 ಕಮ್ಮಿ ತೋರಿಸುತ್ತೆ. ಉಲ್ಟಾ ಹಾಕಿದ್ರೆ ಕೂಡೋ ಬದಲು ಕಳೆಯುತ್ತೆ, ಸೋ ಎರಡರಷ್ಟು, 56 ಡಿಗ್ರಿ ಕಮ್ಮಿ. ಕಂಟ್ರೋಲರ್ 830 ಅಂತ ಖುಷಿಯಾಗಿ ಕೂತಿರುತ್ತೆ, ಒಳಗೆ 886 ಇರುತ್ತೆ. ನಿಮ್ ಎರಡು ಮೀಟರ್ ಕಥೆಗೂ ಇದು ಹೊಂದುತ್ತೆ, ಪಿನ್ನಿನ ಕಥೆಗೂ. ಇಎನ್ 31ನ ಅಷ್ಟು ಕಾಯಿಸಿದ್ರೆ ಕಾರ್ಬೈಡ್ ಜಾಸ್ತಿ ಕರಗಿ ಕ್ವೆಂಚ್ ಆದ್ಮೇಲೂ (ಆಯಿಲ್‌ಗೆ ಹಾಕಿದ್ಮೇಲೂ) ಆಸ್ಟೆನೈಟ್ ಅನ್ನೋ ಮೆತ್ತನೆ ರೂಪ ಉಳ್ಕೊಳ್ಳುತ್ತೆ, ಗ್ರೇನ್ ದಪ್ಪ ಆಗುತ್ತೆ, ಹಾರ್ಡ್‌ನೆಸ್ ಇಳಿಯುತ್ತೆ ಕ್ರ್ಯಾಕೂ ಬರುತ್ತೆ. 845ಕ್ಕೆ ಏರಿಸಿದಾಗ ಒಳಗೆ 900 ಆಗಿರುತ್ತೆ, ಕೆಟ್ಟದಾಗದೆ ಏನಾಗುತ್ತೆ.

ಬೆಳಿಗ್ಗೆ ಯಾಕೆ ಸರಿ ತೋರಿಸುತ್ತೆ ಅಂದ್ರೆ ಆಗ ಹೆಡ್ಡೂ 28 ಪ್ಯಾನೆಲ್ಲೂ 28, ಕೇಬಲ್ಲಿನ ಎರಡು ತುದಿಗೆ ವ್ಯತ್ಯಾಸನೇ ಇಲ್ಲ, ಉಲ್ಟಾ ಹಾಕಿದ್ರೂ ಸೊನ್ನೆ. ಹಂಗಾಗಿ ತಣ್ಣಗಿದ್ದಾಗ ಚೆಕ್ ಮಾಡಿ ಓಕೆ ಅನ್ನೋದು ಈ ತಪ್ಪಿಗೆ ಉಪಯೋಗಕ್ಕೇ ಬರಲ್ಲ.

ಪಾಪ ಎಲೆಕ್ಟ್ರಿಷಿಯನ್ನಿಗೂ ಬೈಬೇಡಿ. ಕೇಬಲ್ ಹಳದಿ-ಕೆಂಪು ಇದ್ಯಾ ನೋಡಿ. ಅಮೆರಿಕದ ಕಲರ್ ಕೋಡಲ್ಲಿ ಕೆಂಪು ಯಾವಾಗ್ಲೂ ಮೈನಸ್, ಹಳದಿ ಪ್ಲಸ್. ಡಿಸಿ ವೈರಿಂಗ್ ಮಾಡಿದ ಕೈ ಕೆಂಪನ್ನ ಸೀದಾ ಪ್ಲಸ್‌ಗೆ ಹಾಕುತ್ತೆ. ಐಇಸಿ ಅನ್ನೋ ಇಂಟರ್‌ನ್ಯಾಷನಲ್ ಕೋಡಲ್ಲಿ ಹಸಿರು ಪ್ಲಸ್ ಬಿಳಿ ಮೈನಸ್. ಹಳೇ ಜರ್ಮನ್ ಮಷಿನ್ ಬಂದ್ರೆ ಕೆಂಪು ಪ್ಲಸ್ಸು ಹಸಿರು ಮೈನಸ್ಸು! ಬಣ್ಣ ನಂಬಿದ್ರೆ ಕೆಟ್ಟಂಗೆ.

ಪೀಣ್ಯ_ಪಿನ್:

ಸಾರ್ ಹಳದಿ-ಕೆಂಪೇ!! ಬಣ್ಣ ನಂಬದೆ ಇನ್ನೆಂಗೆ ಗುರುತು ಹಿಡಿಯೋದು?

ಮಿಲಿವೋಲ್ಟ್_ಮಾಮ:

ಮ್ಯಾಗ್ನೆಟ್ ತಗೊಳ್ಳಿ. ಕೆ ಟೈಪಲ್ಲಿ ಮೈನಸ್ ಕಾಲು ಅಲ್ಯುಮೆಲ್, ತಣ್ಣಗಿದ್ದಾಗ ಮ್ಯಾಗ್ನೆಟ್ಟಿಗೆ ಅಂಟುತ್ತೆ. ಪ್ಲಸ್ ಕಾಲು ಕ್ರೋಮೆಲ್, ಅಂಟಲ್ಲ. ಆದ್ರೆ ಇದು ಕೇಬಲ್ಲೂ ಅದೇ ಲೋಹದ್ದಾಗಿದ್ರೆ ಮಾತ್ರ, ಅಂದ್ರೆ ಎಕ್ಸ್‌ಟೆನ್ಷನ್ ಗ್ರೇಡ್. ಕಾಂಪನ್ಸೇಟಿಂಗ್ ಕೇಬಲ್ ಅಂತ ಕಮ್ಮಿ ರೇಟಿಗೆ ಸಿಗೋದ್ರಲ್ಲಿ ಬೇರೆ ಲೋಹ ಇರುತ್ತೆ. ತಾಮ್ರ-ಕಾನ್‌ಸ್ಟಂಟನ್ ಆಗಿದ್ರೆ ಯಾವುದೂ ಅಂಟಲ್ಲ, ಕಬ್ಬಿಣ-ಕಾನ್‌ಸ್ಟಂಟನ್ ಆಗಿದ್ರೆ ಪ್ಲಸ್ಸೇ ಅಂಟಿ ದಾರಿ ತಪ್ಪಿಸುತ್ತೆ.

ಎಲ್ಲಾದಕ್ಕೂ ನಡೆಯೋ ಉಪಾಯ: ಕೇಬಲ್ಲನ್ನ ಎರಡೂ ಕಡೆ ಬಿಚ್ಚಿ, ಒಂದು ತುದೀಲಿ ಎರಡು ವೈರ್ ಹೊಸೆದು ಬಿಸಿನೀರಿನ ಲೋಟಕ್ಕೆ ಅದ್ದಿ, ಇನ್ನೊಂದು ತುದಿಗೆ ಮಲ್ಟಿಮೀಟರ್ ಮಿಲಿವೋಲ್ಟ್ ರೇಂಜಲ್ಲಿ ಹಿಡೀರಿ. 2-3 ಮಿಲಿವೋಲ್ಟ್ ಬರುತ್ತೆ, ಮೈನಸ್ ಗುರುತು ಬಂದ್ರೆ ಪ್ರೋಬ್ ಅದಲು ಬದಲು ಮಾಡಿ. ಪ್ಲಸ್ ಓದೋವಾಗ ಕೆಂಪು ಪ್ರೋಬ್ ಯಾವ ವೈರ್ ಮೇಲಿದೆಯೋ ಅದು ಪ್ಲಸ್. ಟೇಪ್ ಸುತ್ತಿ ಗುರುತು ಮಾಡಿಕೊಂಡು ಎರಡೂ ತುದಿ ಬದಲಾಯಿಸಿ. ಒಂದೇ ತುದಿ ಬದಲಾಯಿಸಿದ್ರೆ ಮತ್ತೆ ಇಳಿಯೋಕೆ ಶುರು ಆಗುತ್ತೆ.

ಬೆಳಗಾವಿ_ಫೌಂಡ್ರಿ:

ಮಾಮಾರು ಹೇಳಿದ್ದು ಖರೆ ಐತಿ. ಆದ್ರ ಆ ಕೈ ಮೀಟರ್ ಮ್ಯಾಲ ಭಾಳ ಭರವಸೆ ಇಡಬ್ಯಾಡ್ರಿ. ಮೀಟರ್ ಜೋಡಿ ಬರೂ ವೈರ್‌ಗೆ ಗ್ಲಾಸ್ ಫೈಬರ್ ತೊಗಲು ಇರತೈತಿ, ಅದು 400 ದಾಟಿದ ಮ್ಯಾಲ ಬಾಳಿಕಿ ಬರೂದಿಲ್ಲ. ನೀವು ಅದನ್ನ 880ಕ್ಕ ತುರುಕೀರಿ. ತೊಗಲು ಸುಟ್ಟು ನಡುವ ಎಲ್ಲೋ ಎರಡು ವೈರ್ ಒಂದಕ್ಕೊಂದು ಹತ್ತಿತಂದ್ರ ಅಲ್ಲೇ ಹೊಸಾ ಜಂಕ್ಷನ್ ಆಗಿ ಬಿಡತೈತಿ, ಮೀಟರ್ ಆ ಜಾಗಾದ ಟೆಂಪರೇಚರ್ ಹೇಳತೈತಿ, ತುದೀದಲ್ಲ. ಬಾಗಲ ಸಂದಿ ಹತ್ರ ಹತ್ತಿದ್ರ ಕಮ್ಮೀನ ತೋರಸತೈತಿ. ಅಂದ್ರ ಒಳಗ 880ಕ್ಕಿಂತ ಜಾಸ್ತೀನೂ ಇರಬಹುದು. ವೈರ್ ತಗದು ನೋಡ್ರಿ, ಕರ್ರಗ ಆಗಿ ಪುಡಿ ಉದುರತಿದ್ರ ಆ ತುಂಡು ಕತ್ತರಿಸಿ ಒಗೀರಿ.

ಇಂಥಾ ಕೆಲಸಕ್ಕ ಎಂಐ (ಮಿನರಲ್ ಇನ್ಸುಲೇಟೆಡ್) ಥರ್ಮೋಕಪಲ್ ತಗೋರಿ, ಇನ್ಕೊನೆಲ್ ಅನ್ನೂ ಬಿಸಿ ತಡಿಯೂ ಲೋಹದ ಕೊಳವಿ ಒಳಗ ಮ್ಯಾಗ್ನೇಶಿಯಾ ಪುಡಿ ತುಂಬಿರತಾರ, 3 ಎಂಎಂ ಸಾಕು, ಬಾಗಸಾಕೂ ಬರತೈತಿ. ಇನ್ನೊಂದು, ಎಷ್ಟು ಉದ್ದ ಒಳಗ ಹೋಗೇತಿ ಅನ್ನೂದು ನೋಡ್ರಿ. ಕೊಳವಿ ಎಷ್ಟು ದಪ್ಪ ಐತಿ ಅದರ ಹತ್ತು ಪಟ್ಟಾದ್ರೂ ಬಿಸಿ ಒಳಗ ಇರಬೇಕು, ಇಲ್ಲಾಂದ್ರ ಕೊಳವೀನ ಬಿಸಿನ ಹೊರಗ ಎಳಕೊಂಡು ಹೋಗಿ ತುದಿ ತಂಪಾಗತೈತಿ. ಸೆರಾಮಿಕ್ ಪೈಪಿನ ತುದಿ ಬರೇ ಗ್ವಾಡಿಗೆ ಸಮ ನಿಂತಿರೂ ಫರ್ನೇಸ್ ನಾ ನೋಡೀನಿ, ಅದು ಇಟ್ಟಂಗಿ ಟೆಂಪರೇಚರ್ ಹೇಳತೈತಿ, ಜಾಬಿಂದಲ್ಲ. ಮತ್ತ ಹೀಟರ್ ಕಾಯಿಲ್‌ಗೆ ನೇರ ಮಾರಿ ಮಾಡಿ ಇಡಬ್ಯಾಡ್ರಿ, ಜಾಬ್ ಪಕ್ಕ ಬರಲಿ.

ಇಎಸ್‌ಪಿ_ಹುಚ್ಚ:

ನಡುವೆ ಬಾಯಿ ಹಾಕ್ತಿದೀನಿ ಸಾರಿ. ನಾನು ಮನೇಲಿ ಚಿಕ್ಕ ಅವನ್‌ಗೆ ಮ್ಯಾಕ್ಸ್ 6675 (ಥರ್ಮೋಕಪಲ್ ಓದೋ ಚಿಪ್) ಬೋರ್ಡ್ ಹಾಕಿದೀನಿ, ಕುದಿಯೋ ನೀರಲ್ಲಿ ಚೆಕ್ ಮಾಡಿದ್ರೆ 97 ತೋರಿಸುತ್ತೆ, ಕೋಡಲ್ಲಿ 3 ಕೂಡಿಸಿಬಿಟ್ರೆ ಕ್ಯಾಲಿಬ್ರೇಷನ್ ಆಯ್ತಾ? ಮತ್ತೆ ಕೆಲವು ಸಲ ರೀಡಿಂಗ್ ಅಲ್ಲೇ ಫ್ರೀಜ್ ಆಗುತ್ತೆ.

ಮಿಲಿವೋಲ್ಟ್_ಮಾಮ:

ಯಾವ ಊರು ತಮ್ಮಾ? ಬೆಂಗಳೂರಾದ್ರೆ 3 ಕೂಡಿಸಬೇಡ, ಇಲ್ಲಿ ನೀರು ಕುದಿಯೋದೇ 97ರ ಹತ್ರ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೀವಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತೆ. ಮಂಗಳೂರಲ್ಲಿ ಕೂತು ಮಾಡಿದ್ರೆ 100 ಬರ್ತಿತ್ತು. ನಿನ್ ಬೋರ್ಡ್ ಸರಿಯಾಗೇ ಹೇಳ್ತಿದೆ.

ಐಸ್ ಇನ್ನೂ ಒಳ್ಳೇದು. ಫ್ಲಾಸ್ಕಲ್ಲಿ ಐಸನ್ನ ಚೆನ್ನಾಗಿ ಪುಡಿ ಮಾಡಿ ತುಂಬಿ ಸಂದಿ ಮುಚ್ಚೋಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕು. ನೀರಲ್ಲಿ ನಾಲ್ಕು ಐಸ್ ತುಂಡು ತೇಲೋದು ಅಲ್ಲ, ಅದು ಕೆಳಗೆ 3-4 ಡಿಗ್ರಿ ಇರುತ್ತೆ. ಆದ್ರೆ 0ರಲ್ಲಿ ಸರಿ ಇದೆ ಅಂದ ಮಾತ್ರಕ್ಕೆ 800ರಲ್ಲೂ ಸರಿ ಅಂತ ಅಲ್ಲ, ಐಸಲ್ಲಿ ಗೊತ್ತಾಗೋದು ಮುಖ್ಯವಾಗಿ ಕೋಲ್ಡ್ ಜಂಕ್ಷನ್ ಕಡೆಯ ತಪ್ಪು.

ಫ್ರೀಜ್ ಆಗೋದಕ್ಕೆ: ಆ ಚಿಪ್‌ಗೆ ಒಂದು ಸಲ ಅಳೆಯೋಕೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಲೂಪಲ್ಲಿ ಅದಕ್ಕಿಂತ ಬೇಗ ಬೇಗ ಓದಿದ್ರೆ ಪ್ರತಿ ಸಲ ಅಳೆಯೋದನ್ನ ಅರ್ಧಕ್ಕೆ ಬಿಟ್ಟು ಹಳೇ ನಂಬರ್ರೇ ಕೊಡುತ್ತೆ. 250 ಮಿಲಿಸೆಕೆಂಡ್ ಗ್ಯಾಪ್ ಕೊಡು. ಮುಂದೆ ಮ್ಯಾಕ್ಸ್ 31855 ಚಿಪ್‌ಗೆ ಹೋದ್ರೆ ಅದು ಕೆ ಟೈಪನ್ನ ನೇರ ಗೆರೆ ಅಂತ ಲೆಕ್ಕ ಹಾಕುತ್ತೆ, ನಿಜಕ್ಕೂ ಅದು ನೇರ ಅಲ್ಲ, 200ರಲ್ಲಿ 198 ತೋರಿಸುತ್ತೆ. 31856 ಆ ಡೊಂಕನ್ನ ತಾನೇ ಸರಿ ಮಾಡ್ಕೊಳುತ್ತೆ. ಇನ್ನೂ ಏನಾದ್ರೂ ಇದ್ರೆ ಬೇರೆ ಥ್ರೆಡ್ ಹಾಕು, ಇವರ ಪಿನ್ ಅಲ್ಲೇ ಬೇಯ್ತಿದೆ.

ಪೀಣ್ಯ_ಪಿನ್:

ಅಪ್‌ಡೇಟ್. ಬಿಸಿನೀರಿನ ಟೆಸ್ಟಲ್ಲಿ ಕೆಂಪು ಮೈನಸ್ ಅಂತ ಖಾತ್ರಿ ಆಯ್ತು, ಎರಡೂ ತುದಿ ಬದಲಾಯಿಸಿದ್ವಿ. ಎಂಐ ಥರ್ಮೋಕಪಲ್ ಒಂದು ತಂದು ಹಳೇ ಸೆರಾಮಿಕ್ ಪೈಪಿನ ಪಕ್ಕದಲ್ಲೇ ತುದಿ ಬರೋ ಹಾಗೆ ಇಟ್ಟು ಮೀಟರಿಗೆ ಹಾಕಿದ್ವಿ. ಹೆಡ್ ಮುಟ್ಟೋಕೆ ಆಗ್ದಷ್ಟು ಬಿಸಿ ಇತ್ತು ಸಾರ್, ನೀವು 62 ಅಂದಿದ್ದು ಕಮ್ಮಿನೇ ಇರಬೇಕು. ಈಗ ಕಂಟ್ರೋಲರ್ 830ರಲ್ಲಿ ನಿಂತಾಗ ಮೀಟರ್ 845. 50 ಹೋಗಿ 15 ಉಳೀತು. ಬೆಳಗಾವಿ ಅಣ್ಣ ಹೇಳಿದ ಹಾಗೆ ಆ ತೆಳು ವೈರ್ ಕರ್ರಗಾಗಿ ಕೈಯಲ್ಲೇ ಪುಡಿ ಆಯ್ತು. ಈ 15ಕ್ಕೆ ಕಂಟ್ರೋಲರಲ್ಲಿ ಆಫ್‌ಸೆಟ್ ಕೊಟ್ಟು ಸುಮ್ನಾಗ್ಲಾ?

ಮಿಲಿವೋಲ್ಟ್_ಮಾಮ:

ಬೇಡ, ಅವಸರ ಮಾಡಬೇಡಿ. ಹೊಸ ಕೆ ಟೈಪೇ ಕ್ಲಾಸ್ 2 ಆಗಿದ್ರೆ ಶೇಕಡಾ 0.75 ಆಚೀಚೆ ಇರಬಹುದು ಅಂತ ಸ್ಟ್ಯಾಂಡರ್ಡೇ ಒಪ್ಪುತ್ತೆ, 830ರಲ್ಲಿ ಅದು 6 ಡಿಗ್ರಿ ಮೇಲೇ ಆಯ್ತು. ಕ್ಲಾಸ್ 1 ಆದ್ರೆ 0.4, ಅಂದ್ರೆ 3 ಡಿಗ್ರಿ ಚಿಲ್ಲರೆ. ಕೈ ಮೀಟರಿಂದು ಇನ್ನೊಂದಿಷ್ಟು. ಹಿಂಗೆ ಕೂಡಿಸಿದ್ರೂ 15 ಜಾಸ್ತಿನೇ. ಹಳೇ ಥರ್ಮೋಕಪಲ್ ಎಷ್ಟು ವರ್ಷದ್ದು? ಸೆರಾಮಿಕ್ ಪೈಪಿಂದ ಎಲಿಮೆಂಟ್ ಹೊರಗೆ ಎಳೆದು ಎರಡೂ ಕಾಲಿಗೆ ಉದ್ದಕ್ಕೂ ಮ್ಯಾಗ್ನೆಟ್ ಹಿಡಿದು ನೋಡಿ. ಮೊದ್ಲು ತಣ್ಣಗಾಗ್ಲಿ.

ಪೀಣ್ಯ_ಪಿನ್:

ಫರ್ನೇಸ್ ಜೊತೆ ಬಂದಿದ್ದು, ವಯಸ್ಸು ದೇವರಿಗೇ ಗೊತ್ತು. ಎಳೆದು ನೋಡ್ದೆ. ಹೆಡ್ ಹತ್ರ ಪ್ಲಸ್ ಕಾಲು ಅಂಟ್ತಿಲ್ಲ ನೀವು ಹೇಳಿದಂಗೇ, ಆದ್ರೆ ಒಳಗಿನ ಭಾಗದಲ್ಲಿ ಒಂದು ಗೇಣಿನಷ್ಟು ಅದೂ ಅಂಟ್ತಿದೆ! ಅಲ್ಲಿ ಮೇಲೆ ಸಿಪ್ಪೆ ತರ ಎದ್ದಿದೆ, ಕೆರೆದ್ರೆ ಪಾಚಿ ಹಸಿರು.

ಮಿಲಿವೋಲ್ಟ್_ಮಾಮ:

ಅದಕ್ಕೆ ಗ್ರೀನ್ ರಾಟ್ ಅಂತಾರೆ. ಇಕ್ಕಟ್ಟಾದ ಪೈಪೊಳಗೆ ಆಕ್ಸಿಜನ್ ಕಮ್ಮಿ ಇದ್ದಾಗ 800ರಿಂದ 1000 ಚಿಲ್ಲರೆ ತನಕದ ಬಿಸೀಲಿ ಕ್ರೋಮೆಲ್ಲಿನ ಕ್ರೋಮಿಯಂ ಮಾತ್ರ ಸುಟ್ಟು ಆಕ್ಸೈಡ್ ಆಗುತ್ತೆ, ಉಳಿಯೋದು ಹೆಚ್ಚುಕಮ್ಮಿ ಬರೀ ನಿಕಲ್, ಅದಕ್ಕೇ ಮ್ಯಾಗ್ನೆಟ್ ಹಿಡಿಯುತ್ತೆ. ಆ ತುಂಡು ಬಿಸಿಯಿಂದ ತಂಪಿಗೆ ಬರೋ ಜಾಗದಲ್ಲಿ ಕೂತ್ರೆ ವೋಲ್ಟೇಜ್ ಕಮ್ಮಿ ಕೊಡುತ್ತೆ. ಆಫ್‌ಸೆಟ್ ಬೇಡ ಅಂದಿದ್ದು ಇದಕ್ಕೇ, ಪೈಪ್ ಒಂದು ಇಂಚು ಒಳಗೆ ಹೊರಗೆ ಆದ್ರೂ ನಿಮ್ ಆಫ್‌ಸೆಟ್ ಸುಳ್ಳಾಗುತ್ತೆ, ವಾರ ವಾರಕ್ಕೂ ಬದಲಾಗ್ತಾ ಹೋಗುತ್ತೆ. ಹಳೇ ಎಲಿಮೆಂಟನ್ನ ಲ್ಯಾಬಿಗೆ ಕಳಿಸಿ ಕ್ಯಾಲಿಬ್ರೇಟ್ ಮಾಡಿಸಿದ್ರೂ ಇದೇ ಕಥೆ, ಅವರ ಫರ್ನೇಸಲ್ಲಿ ಎಷ್ಟು ಆಳ ಇಡ್ತಾರೋ ಆ ಆಳಕ್ಕೆ ಒಂದು ನಂಬರ್, ನಿಮ್ಮದರಲ್ಲಿ ಇನ್ನೊಂದು. ಬಳಸಿದ ಥರ್ಮೋಕಪಲ್ಲನ್ನ ಅದು ಇರೋ ಜಾಗದಲ್ಲೇ, ಪಕ್ಕದಲ್ಲಿ ಒಳ್ಳೇದೊಂದನ್ನ ಇಟ್ಟು ಹೋಲಿಸಬೇಕು, ನೀವು ಈಗ ಮಾಡಿದ್ರಲ್ಲ ಹಂಗೆ. ಹೊಸ ಎಂಐ ಒಂದನ್ನ ಮಾತ್ರ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಲ್ಲಿ 800, 850ಕ್ಕೆ ಕ್ಯಾಲಿಬ್ರೇಟ್ ಮಾಡಿಸಿ ಬೀರುವಲ್ಲಿಡಿ, ಚೆಕ್ ಮಾಡೋಕೆ ಮಾತ್ರ ತೆಗೀರಿ.

ಬೆಳಗಾವಿ_ಫೌಂಡ್ರಿ:

ಫರ್ನೇಸಿಗೆ ಹೊಸಾದು ಹಾಕೂದಾದ್ರ ಎನ್ ಟೈಪ್ ಹಾಕ್ರಿ. ನೈಕ್ರೋಸಿಲ್-ನೈಸಿಲ್. ಈ ಹಸರ ರೋಗ ಅದಕ್ಕ ಭಾಳ ಕಮ್ಮಿ, ರೇಟಿನಾಗ ಅಂಥಾ ಫರಕ್ ಇಲ್ಲ. ನಾವು ಕೆ ಬಿಟ್ಟು ಅದಕ್ಕ ಬಂದ ಮ್ಯಾಲ ಬದಲಿ ಮಾಡೂ ಕೆಲಸ ಭಾಳ ಇಳದೈತಿ.

ಪೀಣ್ಯ_ಪಿನ್:

ಕಂಟ್ರೋಲರ್ ಮೆನುವಲ್ಲಿ ಎನ್ ಇದೆ ಅಣ್ಣ. ಕೇಬಲ್ ಇದೇ ಹಳದಿ-ಕೆಂಪು ನಡೆಯುತ್ತಾ? 180ರ ಟೆಂಪರಿಂಗೂ ಇದೇ ಫರ್ನೇಸಲ್ಲೇ ಮಾಡ್ತೀವಿ, ಅದಕ್ಕೂ ಇದೇ ಸಾಕಾ?

ಬೆಳಗಾವಿ_ಫೌಂಡ್ರಿ:

ನಡಿಯೂದಿಲ್ರಿ, ಎನ್ ಹಾಕಿದ್ರ ಕೇಬಲ್ಲೂ ಎನ್‌ದಾ ಬೇಕು. ಅಮೆರಿಕಾ ಕೋಡಿನಾಗ ಕೇಸರಿ ಪ್ಲಸ್ಸು ಕೆಂಪು ಮೈನಸ್ಸು, ಐಇಸಿ ಒಳಗ ಗುಲಾಬಿ ಪ್ಲಸ್ಸು ಬಿಳಿ ಮೈನಸ್ಸು. ಮ್ಯಾಗ್ನೆಟ್ ಆಟ ಎನ್ ಮುಂದ ನಡಿಯೂದಿಲ್ಲ, ಎರಡೂ ಕಾಲು ಅಂಟೂದಿಲ್ಲ, ಬಿಸಿನೀರಿಂದಾ ನೋಡ್ಕೋರಿ. ಕಂಟ್ರೋಲರ್ ಮೆನು ಕೆ ಇಂದ ಎನ್‌ಗೆ ಬದಲಿ ಮಾಡೂದು ಮರೀಬ್ಯಾಡ್ರಿ. ಟೆಂಪರಿಂಗ್‌ಗೆ ಆದ್ರ ಪಿಟಿ 100 (ಪ್ಲಾಟಿನಂ ಸೆನ್ಸರ್) ಒಂದು ಬ್ಯಾರೆ ಇಟ್ಟು ಚೆಕ್ ಮಾಡ್ರಿ, 180ರೊಳಗ ಅದು ಥರ್ಮೋಕಪಲ್‌ಗಿಂತ ಭಾಳ ಖರೆ ಹೇಳತೈತಿ, ಖರೇ ಅಂದ್ರ ಟೆಂಪರಿಂಗ್‌ಗೆ ಫ್ಯಾನ್ ಇರೂ ಬ್ಯಾರೆ ಅವನ್ನ ಬೇಕು, ಮಫಲ್‌ನಾಗ 180 ಒಂದು ಮೂಲ್ಯಾಗ ಒಂದ್ ಥರಾ ಇರತೈತಿ. ಹಾರ್ಡನಿಂಗ್ ಮುಗಿಸಿ 800ರ ಮ್ಯಾಲೆ ಬಿಸಿ ಇದ್ದದ್ದನ್ನ ಇಳಿಸಿ ತಕ್ಷಣ ಟೆಂಪರಿಂಗ್‌ಗೆ ಇಡಬ್ಯಾಡ್ರಿ, ಡಿಸ್‌ಪ್ಲೇ 180 ಅಂದ್ರೂ ಗ್ವಾಡಿ ಇನ್ನೂ ಕಾದಿರತೈತಿ.

ಪೀಣ್ಯ_ಪಿನ್:

ಆಯ್ತು ಅಣ್ಣ, ಎನ್ ಟೈಪೂ ಕೇಬಲ್ಲೂ ಇವತ್ತೇ ಆರ್ಡರ್ ಹಾಕ್ತೀನಿ. ಆಗ್ಲೇ ಹೆಚ್ಚು ಕಾದಿರೋ ಲಾಟ್ ಪಿನ್ನು ಏನ್ ಮಾಡೋದು?

ಮಿಲಿವೋಲ್ಟ್_ಮಾಮ:

ಕ್ರ್ಯಾಕ್ ಇರೋದು ಸ್ಕ್ರ್ಯಾಪ್. ಉಳಿದಿದ್ದನ್ನ ಡೈ ಪೆನಿಟ್ರಂಟ್ (ಕ್ರ್ಯಾಕ್ ತೋರಿಸೋ ಬಣ್ಣ) ಹಾಕಿ ನೋಡಿ ಬೇರೆ ಮಾಡಿ. ಚೆನ್ನಾಗಿರೋದನ್ನ ಮೊದ್ಲು ಅನೀಲ್ ಮಾಡಿ (ಕಾಯಿಸಿ ನಿಧಾನಕ್ಕೆ ತಣಿಸಿ ಮೆತ್ತಗೆ ಮಾಡಿ) ಆಮೇಲೆ ಮತ್ತೆ ಹಾರ್ಡನಿಂಗ್, ಸೀದಾ ಎರಡನೇ ಸಲ 830ಕ್ಕೆ ಹಾಕಬೇಡಿ. ಗ್ರೈಂಡಿಂಗ್ ಅಲವೆನ್ಸ್ (ಉಜ್ಜಿ ತೆಗೆಯೋಕೆ ಬಿಟ್ಟಿರೋ ಹೆಚ್ಚಿನ ದಪ್ಪ) ಉಳಿದಿದ್ಯಾ ಅಂತ ಅಳೆದು ನೋಡಿ ಶುರು ಮಾಡಿ, ಇಲ್ದಿದ್ರೆ ಅಷ್ಟೆಲ್ಲ ಕರೆಂಟ್ ಸುಟ್ಟು ಸೈಜ್ ಸಿಗಲ್ಲ.